ಗುತ್ತಿನ ಗದ್ದೆಯಲ್ಲಿ ಎತ್ತದ ಹೆಸರು

ಸಿಟ್ಟು ಬಂದಾಗ ಡುಲ್ಸಿನ್ ಟೀಚರ್ ಮೊದಲು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು. ಅಂಬಡೆಬೆಟ್ಟು ಶಾಲೆಯ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಕನ್ನಡಕ ಮೂಗಿನಿಂದ ಇಳಿಯಿತೆಂದರೆ ಹಿಂದಿನ ಬೆಂಚಿನ ಗಲಾಟೆಕೋರರೂ ಬಾಯಿ ಮುಚ್ಚಿಕೊಳ್ಳುತ್ತಿದ್ದರು. 1983ರ ಜನವರಿಯಲ್ಲಿ, ಕಾರ್ಕಳದ ಒಂದು ಕಲ್ಲು ಕೆತ್ತುವ ಕೊಟ್ಟಿಗೆಯಲ್ಲಿ, ಆಳೆತ್ತರದ ಕರಿಕಲ್ಲಿನ ಎದುರು ನಿಂತು ಅವರು ಕನ್ನಡಕ ತೆಗೆದರು. ಒರೆಸಿ ಹಾಕಿಕೊಂಡು ಮತ್ತೊಮ್ಮೆ ಓದಿದರು. ಕಲ್ಲಿನ ಮೇಲಿನ ಅಕ್ಷರ ಬದಲಾಗಲಿಲ್ಲ. ‘ಅಂಬಡೆಗುತ್ತಿನ ಕಟ್ಟವನ್ನು ಘಟ್ಟದ ಕಳ್ಳರಿಂದ ಕಾಪಾಡಲು ಪ್ರಾಣವಿತ್ತ ಸ್ವಾಮಿನಿಷ್ಠ ವೀರ ಕಿನ್ನಿದೂಮ’ ಎಂದು ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ ಸಣ್ಣಗೆ, ‘ಪಾಡ್ದನ ಸಂಗ್ರಹ: ಕುಮಾರಿ ಡುಲ್ಸಿನ್ ಮಥಾಯಸ್, ಶಿಕ್ಷಕಿ’ ಎಂದಿತ್ತು.

ಸುಳ್ಳು ಹೇಳುವವರು ಹೇಳಿಕೊಳ್ಳಲಿ, ಈ ಲೋಕದಲ್ಲಿ ಅದಕ್ಕೆ ಎಂದೂ ಬರ ಬಂದದ್ದಿಲ್ಲ. ಆದರೆ ಆ ಸುಳ್ಳಿನ ಅಡಿಯಲ್ಲಿ ತನ್ನ ಹೆಸರು ಯಾಕೆ? ಹತ್ತು ವರ್ಷಕ್ಕೂ ಮೀರಿ ಕೊಡೆ ಹಿಡಿದು ಊರೂರು ಅಲೆದು ತಾನು ಕೂಡಿಸಿದ ಕತೆಯನ್ನು ತಲೆಕೆಳಗು ಮಾಡಿ, ಇದಕ್ಕೆ ಈ ಟೀಚರೇ ಸಾಕ್ಷಿ ಎಂದು ಕಲ್ಲಿನಲ್ಲಿ ಕೆತ್ತಿಸುವುದಕ್ಕೆ ಇವರಿಗೆ ಎಷ್ಟು ಧೈರ್ಯ ಇರಬೇಕು? ಅಜೆಕಾರಿನ ತಾಯಿಮನೆಗೆಂದು ಹೊರಟಿದ್ದ ಟೀಚರ್, ದೂಮನ ಕಲ್ಲು ಅಲ್ಲಿ ಕೆತ್ತುತ್ತಿದ್ದಾರೆಂದು ಯಾರೋ ಹೇಳಿದ್ದರಿಂದ ಕಾರ್ಕಳದಲ್ಲಿ ಬಸ್ಸಿಳಿದಿದ್ದರು.

ಕಲ್ಲು ಕೆತ್ತುವ ಮುದ್ದಣ್ಣ ಪಾಪದ ಮನುಷ್ಯ. ಉಡುಪಿಯ ಸ್ಮಾರಕ ಸಮಿತಿಯಿಂದ ಬರಹ ಬಂದಿತ್ತು, ಬಂದ ಹಾಗೆ ಕೆತ್ತಿದ್ದ. ನನ್ನ ಹೆಸರನ್ನಾದರೂ ತೆಗೆದುಹಾಕು ಎಂದು ಟೀಚರ್ ಕೇಳಿದಾಗ ಉಳಿಯನ್ನು ಕೆಳಗಿಟ್ಟು ತಲೆ ಕೆರೆದುಕೊಂಡ.

“ತೆಗೆಯುವುದು ಒಂದು ಗಳಿಗೆಯ ಕೆಲಸ ಟೀಚರೇ. ಆದರೆ ಸಮಿತಿಯವರು ಹೇಳಬೇಕಲ್ವಾ?” ಎಂದ.

ಕಿನ್ನಿದೂಮನ ಕತೆ ಟೀಚರಿಗೆ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಅಜೆಕಾರಿನಲ್ಲಿ ಅವರ ತಾಯಿ ಮ್ಯಾಗ್ಡಲಿನ್‌ಬಾಯಿ ಮಳೆಗಾಲ ಬಂತೆಂದರೆ ಪರರ ಗದ್ದೆಗೆ ನೇಜಿ, ಎಂದರೆ ಭತ್ತದ ಸಸಿ, ನೆಡಲು ಹೋಗುತ್ತಿದ್ದರು. ಮನೆಯಲ್ಲಿ ಕೊಂಕಣಿ, ಇಗರ್ಜಿಯಲ್ಲಿ ಕೊಂಕಣಿ, ಗದ್ದೆಗೆ ಇಳಿದರೆ ತುಳು. ಸಾಲಾಗಿ ಬಗ್ಗಿ ನಿಂತ ಹೆಂಗಸರಲ್ಲಿ ಒಬ್ಬಳು ಪಾಡ್ದನವೆಂಬ ಕತೆಹಾಡಿನ ಒಂದೊಂದೇ ಸಾಲು ಹಾಡುವಳು, ಉಳಿದವರು ಅದನ್ನು ಎತ್ತಿಕೊಳ್ಳುವರು. ಒಂದು ಗದ್ದೆ ಮುಗಿಯುವಷ್ಟರಲ್ಲಿ ಒಬ್ಬ ವೀರ ಹುಟ್ಟಿ, ಬೆಳೆದು, ಸತ್ತಿರುತ್ತಿದ್ದ. ಹಾಗೆ ಹುಟ್ಟಿ ಸತ್ತವರಲ್ಲಿ ಕಿನ್ನಿದೂಮನೂ ಒಬ್ಬ.

ಅಂಬಡೆಗುತ್ತು ಎಂಬ ದೊಡ್ಡ ಮನೆಯವರು ಹೊಳೆಗೆ ಅಡ್ಡ ಕಟ್ಟ ಹಾಕಿ, ನೀರನ್ನೆಲ್ಲ ತಮ್ಮ ಗದ್ದೆಗೆ ತಿರುಗಿಸಿಕೊಂಡರು. ಕೆಳಗಿನ ಒಕ್ಕಲುಗಳ ಪೈರು ಒಣಗಿತು. ಗುತ್ತಿನ ಉಳುವ ಆಳು ಕಿನ್ನಿದೂಮ ಎತ್ತು ಸೋತಲ್ಲಿ ತಾನೇ ನೊಗಕ್ಕೆ ಹೆಗಲು ಕೊಡುತ್ತಿದ್ದವನು. ಸ್ವಲ್ಪ ನೀರು ಬಿಡಿ ಎಂದು ಅವನು ಬೇಡಿದ. ಬಿಡಲಿಲ್ಲ. ಹಾರೆ ಹಾಕಿ ಕಟ್ಟ ಒಡೆದ. ಗುತ್ತಿನವರು ಬೈಯಲಿಲ್ಲ, ಬಡಿಯಲಿಲ್ಲ. ರಾಜಿ ಮಾಡಿಕೊಳ್ಳುವ ಎಂದು ಊಟಕ್ಕೆ ಕರೆದರು. ಜಗಲಿಯಲ್ಲಿ ಎಲೆ ಹಾಕಿ ಅನ್ನ ಬಡಿಸಿ, ಅವನು ಮೊದಲ ತುತ್ತಿಗೆ ಬಗ್ಗಿದಾಗ ಹಿಂದಿನಿಂದ ಕಡಿದರು.

ಆ ಸಾಲು ಬರುವಾಗ, ತಾಯಿಗೆ ನೇಜಿಯ ಸೂಡಿ ಎತ್ತಿ ಕೊಡುತ್ತಿದ್ದ ಪುಟ್ಟ ಡುಲ್ಸಿನ್‌ಳ ಕಣ್ಣು ತುಂಬುತ್ತಿತ್ತು. ಅಂಬಡೆಗುತ್ತು ಎಂಬುದು ಕತೆಯೊಳಗಿನ ಮನೆ, ಏಳು ಸಮುದ್ರದಾಚೆಯ ರಾಕ್ಷಸನ ಮನೆಯ ಹಾಗೆ ಎಂದೇ ಅವಳು ತಿಳಿದಿದ್ದಳು. 1971ರಲ್ಲಿ ಕಾಪು ಮತ್ತು ಎಲ್ಲೂರಿನ ನಡುವಿನ ಅಂಬಡೆಬೆಟ್ಟು ಶಾಲೆಗೆ ವರ್ಗವಾಗಿ ಬಂದಾಗ, ಕತೆಯೊಳಗಿನ ಆ ಮನೆ ಕಣ್ಣೆದುರು ನಿಂತಿತ್ತು. ಹೆಂಚಿನ ಎರಡು ಅಂತಸ್ತು, ಕೆತ್ತನೆಯ ಕಂಬಗಳ ಜಗಲಿ, ಅಂಗಳದಲ್ಲಿ ಕಪ್ಪು ಅಂಬಾಸಿಡರ್ ಕಾರು. ಯಜಮಾನ ಉಮಾನಾಥರು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು. ಹೊಸ ಟೀಚರಿಗೆ ಬಾಡಿಗೆ ಮನೆ ಹುಡುಕಿಕೊಟ್ಟವರೂ ಅವರೇ. ಒಳ್ಳೆಯ ಮಾತಿನ ಮನುಷ್ಯ, ಮಕ್ಕಳಿಗೆ ಸ್ಲೇಟು ಹಂಚುವವರು. ಮುತ್ತಜ್ಜನ ಮುತ್ತಜ್ಜ ಮಾಡಿದ್ದಕ್ಕೆ ಇವರ ಮೇಲೆ ಟೀಚರಿಗೆ ಯಾವ ಸಿಟ್ಟೂ ಇರಲಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಟೀಚರಿಗೆ ಗುತ್ತಿನ ಮೇಲೆ ಹಗೆ ಎಂಬ ಮಾತು ಮುಂದೆ ಊರಲ್ಲಿ ಹುಟ್ಟಿತು.

ಟೀಚರನ್ನು ಕಾಡಿದ್ದು ಬೇರೆ ಸಂಗತಿ. ಅಂಬಡೆಬೆಟ್ಟಿನ ಗದ್ದೆಗಳಲ್ಲಿ ಇದೇ ಪಾಡ್ದನವನ್ನು ಹಾಡುವಾಗ ಕೊನೆ ಬೇರೆ ಇತ್ತು. ಇಲ್ಲಿ ದೂಮ ಕಟ್ಟ ಒಡೆಯುವುದಿಲ್ಲ, ಕಾಯುತ್ತಾನೆ. ಘಟ್ಟದ ಮೇಲಿನಿಂದ ಬಂದ ಕಳ್ಳರು ಅವನನ್ನು ಕೊಲ್ಲುತ್ತಾರೆ. ಆ ಮೇಲೆ ಟೀಚರ್ ಶನಿವಾರದ ಮಧ್ಯಾಹ್ನಗಳನ್ನು ಮನೆಯಲ್ಲಿ ಕಳೆದದ್ದು ಕಡಿಮೆ. ಪೆರ್ಡೂರಿಗೆ ಹೋದರು, ಎಲ್ಲೂರಿನ ಬೈಲುಗಳಿಗೆ ಹೋದರು, ಕಾರ್ಕಳದ ಆಚೆಗೂ ಹೋದರು. ಹೋದಲ್ಲಿ ಸೀರೆ ಎತ್ತಿ ಕಟ್ಟಿ ಸಾಲಿನಲ್ಲಿ ನಿಂತರು, ಯಾಕೆಂದರೆ ಬದುವಿನ ಮೇಲೆ ನಿಂತು ಕೇಳುವವರಿಗೆ ಯಾರೂ ಪೂರ್ತಿ ಹಾಡುವುದಿಲ್ಲ. ಎಲ್ಲ ಕಡೆಯೂ ಅಂಬಡೆಗುತ್ತಿನ ಹೆಸರೇ ಬಂತು. ಎಲೆಯ ಮುಂದಿನ ಸಾವೇ ಬಂತು. ಆ ಮನೆಯ ಸುತ್ತಿನ ಗದ್ದೆಗಳಲ್ಲಿ ಮಾತ್ರ ಘಟ್ಟದ ಕಳ್ಳರು.

ಇಗರ್ಜಿಗೆ ಹೋಗುವ ಪೊರ್ಬುಗಳ ಹೆಂಗಸಿಗೆ ನಮ್ಮ ದೂಮನ ಗೊಡವೆ ಎಂತಕ್ಕೆ ಎಂದು ಸೋಡಾ ಅಂಗಡಿಯ ಬೆಂಚಿನಲ್ಲಿ ಮಾತಾಯಿತು. ಪೂಜೆ ಮುಗಿಸಿ ಇಗರ್ಜಿಯಿಂದ ಹೊರಬರುವಾಗ ಇನ್ನೊಂದು ಬಗೆಯ ಮಾತಾಯಿತು. ನಿನಗೆ ಬರೆಯಲು ನಮ್ಮ ಸಂತರು ಯಾರೂ ಸಿಗಲಿಲ್ಲವಾ ಎಂದು. ಎರಡೂ ಕಡೆಯವರಿಗೆ ಟೀಚರ್ ಕೊಟ್ಟ ಉತ್ತರ ಒಂದೇ. ನನ್ನ ಅಮ್ಮ ನೆಟ್ಟ ಗದ್ದೆಯ ಹಾಡು ನನ್ನದಲ್ಲದಿದ್ದರೆ ಮತ್ತೆ ಯಾರದ್ದು?

ಘಟ್ಟದ ಕಳ್ಳರ ಗುಟ್ಟು ಬಿಡಿಸಿದವಳು ಸರಸ. ಅಂಬಡೆಬೆಟ್ಟಿನಲ್ಲಿ ನೇಜಿಯ ಸಾಲಿಗೆ ಮುಂದಾಳು ಅವಳೇ. ಎಲೆ ಅಡಿಕೆ ಬಾಯಿಂದ ಇಳಿಯದ, ನಗುವುದು ಅಪರೂಪದ ಹೆಂಗಸು. ನಿನಗೆ ನಿಜವಾದ ಕೊನೆ ಗೊತ್ತುಂಟಾ ಎಂದು ಟೀಚರ್ ಕೇಳಿದಾಗ, ಇದೆಂತ ಮಕ್ಕಳ ಪ್ರಶ್ನೆ ಎಂಬಂತೆ ನೋಡಿದಳು.

“ಗೊತ್ತಿಲ್ಲದೆ ಎಂತ? ಆದರೆ ಆ ಮನೆಯ ಮಣ್ಣಿನಲ್ಲಿ ಕಾಲಿಟ್ಟು ಆ ಮನೆಯ ಹೆಸರು ಎತ್ತುವ ಕ್ರಮ ಇಲ್ಲ ಟೀಚರೇ. ಇಲ್ಲಿ ಕಳ್ಳರು ಎಂದರೆ ಯಾರೆಂದು ಹಾಡುವವರಿಗೂ ಗೊತ್ತುಂಟು, ಕೇಳುವವರಿಗೂ ಗೊತ್ತುಂಟು.”

ಅದು ಮರ್ಯಾದೆಯೂ ಹೌದು, ಹೆದರಿಕೆಯೂ ಹೌದು. ತಲೆಮಾರುಗಳಿಂದ ಹಾಗೆ ನಡೆದು ಬಂದಿತ್ತು. ಸುತ್ತಿನ ಗದ್ದೆಯೆಲ್ಲ ಗುತ್ತಿನದ್ದೇ ಆಗಿದ್ದರಿಂದ ಊರಿಗೆ ಊರೇ ಕಳ್ಳರ ಹಾಡು ಹಾಡುತ್ತಿತ್ತು. ಆಮೇಲೆ ಉಳುವವನಿಗೇ ಭೂಮಿ ಎಂಬ ಕಾನೂನು ಬಂತು. ಅರ್ಜಿ, ವಾಯಿದೆ, ಓಡಾಟ ಎಲ್ಲ ಮುಗಿದು 1978ರಲ್ಲಿ ಸರಸಳ ಗಂಡನ ಹೆಸರಿಗೆ ಹೊಳೆಬದಿಯ ಒಂದು ತುಂಡು ಗದ್ದೆಯಾಯಿತು. ಆ ವರ್ಷ ಅಲ್ಲಿಯ ನಾಟಿಗೆ ಟೀಚರ್ ರಜೆ ಹಾಕಿ ಸಾಲಿನಲ್ಲಿ ನಿಂತಿದ್ದರು. ಸರಸ ಎಂದಿನಂತೆ ಹಾಡುತ್ತ ಬಂದಳು. ದೂಮ ನೀರು ಕೇಳುವಲ್ಲಿಗೆ ಬಂದಾಗ ನೇಜಿ ಹಿಡಿದ ಕೈ ಒಮ್ಮೆ ನಿಂತಿತು. ಮತ್ತೆ ತಲೆಯೆತ್ತದೆಯೇ ಅಂಬಡೆಗುತ್ತಿನ ಹೆಸರು ಹಾಡಿದಳು. ಸಾಲಿನಲ್ಲಿದ್ದವರು ಅರೆಕ್ಷಣ ತಡೆದು, ಎಲ್ಲರೂ ಒಟ್ಟಿಗೆ ಎತ್ತಿಕೊಂಡರು. ಮುದುಕಿಯೊಬ್ಬಳು ನೆಡುತ್ತ ನೆಡುತ್ತ ಅಳುತ್ತಿದ್ದಳು. ತನ್ನ ಬದುಕಿನಲ್ಲಿ ಇದಕ್ಕಿಂತ ದೊಡ್ಡ ಪದವಿ ಪ್ರದಾನ ನೋಡಿಲ್ಲ ಎಂದು ಟೀಚರ್ ಕೊನೆಯವರೆಗೂ ಹೇಳುತ್ತಿದ್ದರು.

ಇಂಥ ಹೊತ್ತಿಗೆ ಊರಿಗೆ ಬಂದವರು ಪ್ರೊಫೆಸರ್ ಭೋಜ. ಮಣಿಪಾಲದಲ್ಲಿ ಮನೆ, ಅಲ್ಲೇ ಎಲ್ಲೋ ಪಾಠ. ವೀರರ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಟೀಚರ್ ತಾನು ಕೂಡಿಸಿದ್ದನ್ನೆಲ್ಲ ಸಂತೋಷದಿಂದ ಅವರ ಮುಂದೆ ಹರವಿದರು. ಯಾವ ಬೈಲಿನಲ್ಲಿ ಯಾರು ಹಾಡಿದ್ದು, ಎಲ್ಲಿ ಹೆಸರು ಬರುತ್ತದೆ, ಎಲ್ಲಿ ಬರುವುದಿಲ್ಲ, ಯಾಕೆ ಬರುವುದಿಲ್ಲ ಎಲ್ಲವನ್ನೂ ಹೇಳಿದರು. ಪ್ರೊಫೆಸರರು ತಲೆದೂಗಿದರು. ಮರುವಾರ ಟೇಪ್ ರೆಕಾರ್ಡರ್ ಹಿಡಿದು ನೇರ ಅಂಬಡೆಗುತ್ತಿಗೇ ಹೋದರು. ಉಮಾನಾಥರು ಆದರದಿಂದ ಕರೆದು ಕೂರಿಸಿದರು. ಹೆಂಗಸರಿಗೆ ಹೇಳಿ ಕಳುಹಿಸಿ, ಅದೇ ಜಗಲಿಯ ಬುಡದಲ್ಲಿ ಹಾಡಿಸಿದರು. ಅವರು ಏನು ಹಾಡಿಯಾರು? ಘಟ್ಟದ ಕಳ್ಳರು ಬಂದರು, ದೂಮನನ್ನು ಕೊಂದರು. ಪ್ರೊಫೆಸರರು ಅದೇ ಜಗಲಿಯಲ್ಲಿ ಬಾಳೆಲೆಯ ಊಟ ಮುಗಿಸಿ, ಕೈ ತೊಳೆದು, ಕಾರಿನಲ್ಲಿ ಮಣಿಪಾಲಕ್ಕೆ ಹೋದರು.

ಉಡುಪಿಯ ಪ್ರೆಸ್ಸಿನಲ್ಲಿ ಪುಸ್ತಕ ಅಚ್ಚಾಗಿ ಬಂದಾಗ ಟೀಚರ್ ಕನ್ನಡಕ ತೆಗೆದರು. ಹುಟ್ಟು, ಬಾಲ್ಯ, ಸಾಹಸ ಎಲ್ಲ ಅವರು ಕೊಟ್ಟದ್ದೇ. ಸಾವು ಮಾತ್ರ ಜಗಲಿಯ ಬುಡದಲ್ಲಿ ಹಾಡಿಸಿದ ಘಟ್ಟದ ಕಳ್ಳರ ಕೈಯದ್ದು. ಮಣಿಪಾಲಕ್ಕೆ ಹೋಗಿ ಪ್ರೊಫೆಸರರ ಎದುರು ಕೂತು ಮೊದಲಿನಿಂದ ಮತ್ತೆ ಹೇಳಿದರು. ಪ್ರೊಫೆಸರರು ಕಲಿಯದ ಹುಡುಗಿಗೆ ಹೇಳುವ ದನಿಯಲ್ಲಿ ವಿವರಿಸಿದರು. ಘಟನೆ ನಡೆದ ಸ್ಥಳದ ಪಾಠವೇ ಮೂಲಕ್ಕೆ ಹತ್ತಿರ, ದೂರದೂರಿನವರು ಬಣ್ಣ ಕಟ್ಟಿ ಹಾಡುತ್ತಾರೆ, ಇದು ಶಾಸ್ತ್ರ ಒಪ್ಪಿದ ಕ್ರಮ ಎಂದರು. ಶಾಸ್ತ್ರಕ್ಕೆ ಬೆಂಕಿ ಬೀಳಲಿ. ಯಾರ ಅಂಗಳದಲ್ಲಿ ನಿಂತು ಹಾಡಿಸಿದಿರಿ ಎಂದು ಒಮ್ಮೆಯಾದರೂ ಯೋಚಿಸಿದಿರಾ ಎಂದು ಟೀಚರ್ ಕೇಳಿದರು. ನೀವು ಭಾವುಕರಾಗುತ್ತಿದ್ದೀರಿ ಎಂದು ಅವರು ಚಹಾ ತರಿಸಿದರು. ಟೀಚರ್ ಚಹಾ ಕುಡಿಯದೆ ಎದ್ದು ಬಂದರು.

ಪುಸ್ತಕ ಬಂದ ಮೇಲೆ ಸಮಿತಿಯಾಯಿತು, ಸಮಿತಿಯಾದ ಮೇಲೆ ಸ್ಮಾರಕ. ಹೆದ್ದಾರಿಗೆ ಹತ್ತಿರವಾಗಲಿ ಎಂದು ಉಮಾನಾಥರು ತಮ್ಮ ಬಾಕಿಮಾರು ಎಂಬ ದೊಡ್ಡ ಗದ್ದೆಯ ಒಂದು ಮೂಲೆಯನ್ನೇ ದಾನ ಕೊಟ್ಟರು. ಪತ್ರಿಕೆಯಲ್ಲಿ ಫೋಟೋ ಬಂತು. ಕಾರ್ಕಳದಲ್ಲಿ ಕಲ್ಲು ನೋಡಿದ ಮರುದಿನವೇ ಟೀಚರ್ ಉಡುಪಿಯ ಸಮಿತಿ ಕಚೇರಿಗೆ ಹೋಗಿ ತನ್ನ ಹೆಸರು ತೆಗೆಯಿರಿ ಎಂದರು. ಕಾರ್ಯದರ್ಶಿಗೆ ಅರ್ಥವೇ ಆಗಲಿಲ್ಲ. ಹೆಸರು ಹಾಕಿಸಿಕೊಳ್ಳಲು ಬಂದವರನ್ನು ಅವನು ನೋಡಿದ್ದ, ತೆಗೆಸಿಕೊಳ್ಳಲು ಬಂದವರನ್ನಲ್ಲ. ಗೌರವ ಕೊಟ್ಟರೆ ಬೇಡ ಎನ್ನುವುದೆಂತ ಮಾರಾಯ್ರೇ ಎಂದು ನಕ್ಕ. ಒಂದು ಕ್ರೈಸ್ತ ಹೆಸರೂ ಇದ್ದರೆ ಸರ್ವಧರ್ಮದ ಶೋಭೆ ಬರುತ್ತದೆ ಎಂದೂ ಸೇರಿಸಿದ. ಅಂದರೆ ಅವರಿಗೆ ಬೇಕಾದದ್ದು ಟೀಚರ್ ಕೇಳಿದ ಹಾಡಲ್ಲ, ಟೀಚರ್ ಹೋಗುವ ಇಗರ್ಜಿ.

ಅನಾವರಣದ ಕಾರ್ಯಕ್ರಮದಲ್ಲಿ ಸರಸಳ ತಂಡ ಪಾಡ್ದನ ಹಾಡುವುದು, ಅದಕ್ಕೆ ಮೊದಲು ಟೀಚರ್ ನಾಲ್ಕು ಮಾತು ಪರಿಚಯ ಹೇಳುವುದು ಎಂದು ಆಮಂತ್ರಣದಲ್ಲಿ ಅಚ್ಚಾಗಿತ್ತು. ಹೋಗಬಾರದೆಂದು ಮೊದಲು ನಿಶ್ಚಯಿಸಿದರು. ಆಮೇಲೆ ಸರಸಳ ಮನೆಗೆ ಹೋಗಿ, ನಿಜವಾದ ಕೊನೆಯನ್ನು ಅಂದು ಹಾಡುತ್ತೀಯಾ ಎಂದು ಕೇಳಿದರು. ಗುತ್ತಿನ ಮಣ್ಣಿನಲ್ಲಿ ನಿಂತು ಅದನ್ನು ನಾನು ಹಾಡುವುದಿಲ್ಲ, ನೀವು ಕೇಳಲೂ ಬೇಡಿ ಎಂದು ಸರಸ ಖಂಡಿತವಾಗಿ ಹೇಳಿಬಿಟ್ಟಳು. ಅವಳ ಮೇಲೂ ಟೀಚರಿಗೆ ಸಿಟ್ಟು ಬಂತು. ಆದರೆ ಮನೆಗೆ ಮರಳುವ ದಾರಿಯಲ್ಲಿ, ಹೊಳೆಬದಿಯ ಆ ತುಂಡು ಗದ್ದೆಯ ಬದುವಿನಲ್ಲಿ, ಅವರು ತುಂಬ ಹೊತ್ತು ನಿಂತುಬಿಟ್ಟರು. ಹೋಗುವುದೆಂದು ಅಲ್ಲಿಯೇ ನಿಶ್ಚಯವಾಯಿತು.

ಫೆಬ್ರವರಿಯ ಒಂದು ಆದಿತ್ಯವಾರ, ಬೆಳಗ್ಗಿನ ಪೂಜೆ ಮುಗಿಸಿ ಟೀಚರ್ ಅದೇ ಸೀರೆಯಲ್ಲಿ ಬಂದರು. ಚಪ್ಪರ, ತೋರಣ, ಮೈಕು, ಕುರ್ಚಿಗಳು. ಕುರ್ಚಿಗಳ ಹಿಂದೆ, ಬಿಸಿಲಿನಲ್ಲಿ, ಊರಿನ ಹೆಂಗಸರು. ವೇದಿಕೆಯ ಮಗ್ಗುಲಲ್ಲಿ ಸಮಿತಿ ಕೊಟ್ಟ ಒಂದೇ ಬಣ್ಣದ ಸೀರೆಯುಟ್ಟು, ಶಾಲೆಯ ಮಕ್ಕಳ ಹಾಗೆ ಸಾಲುಗಟ್ಟಿ ನಿಂತ ಸರಸ ಮತ್ತು ಸಂಗಡಿಗರು. ಪರದೆ ಸರಿಯಿತು, ಕಲ್ಲು ಕಂಡಿತು, ಚಪ್ಪಾಳೆಯಾಯಿತು. ಸ್ಥಳೀಯ ಪಾಠದ ಮಹತ್ವದ ಬಗ್ಗೆ ಪ್ರೊಫೆಸರರು ತಮ್ಮ ಉಪನ್ಯಾಸ ಮುಗಿಸಿದರು. ಸ್ವಾಮಿನಿಷ್ಠೆ ಇಂದಿನ ಆಳುಗಳಲ್ಲಿ ಇಲ್ಲವಾಗಿದೆ ಎಂದು ಮುಖ್ಯ ಅತಿಥಿಗಳು ಮರುಗಿದರು. ಅದನ್ನು ಕೇಳಿಕೊಂಡು ಕೂರಬೇಕಾದ ಹಣೆಬರಹ ಟೀಚರದ್ದು. ಆಮೇಲೆ ಅವರ ಹೆಸರು ಕರೆದರು.

ಅವರು ಮೈಕಿನ ಮುಂದೆ ನಿಂತು ಕನ್ನಡಕ ತೆಗೆದರು. ಮುಂದಿನ ಸಾಲಿನಲ್ಲಿದ್ದ ಅವರ ಶಾಲೆಯ ಮಕ್ಕಳು ತಟ್ಟನೆ ನೆಟ್ಟಗೆ ಕೂತರು. ವೇದಿಕೆಯ ಮೇಲಿದ್ದ ಉಮಾನಾಥರತ್ತ ತಿರುಗಿ, ನಯವಾಗಿ ಕೇಳಿದರು.

“ಪರಿಚಯ ಹೇಳುವ ಮೊದಲು ಒಂದು ಸಂಶಯ ಉಂಟು. ನಾವು ನಿಂತಿರುವ ಈ ಜಾಗ ಈಗ ಯಾರದ್ದು?”

ಉಮಾನಾಥರಿಗೆ ಇದು ಇಷ್ಟದ ಪ್ರಶ್ನೆ. ಎದ್ದು ಬಂದು ಮೈಕು ಹಿಡಿದರು.

“ಇದು ಇನ್ನು ನಮ್ಮದಲ್ಲ. ರಿಜಿಸ್ಟ್ರಿ ಮಾಡಿ ಊರಿಗೆ ಕೊಟ್ಟಾಯಿತು. ಇದರ ಒಂದು ಹಿಡಿ ಮಣ್ಣಿನ ಮೇಲೂ ಅಂಬಡೆಗುತ್ತಿಗೆ ಹಕ್ಕಿಲ್ಲ” ಎಂದರು.

ಚಪ್ಪಾಳೆ ಬಿತ್ತು. ನನ್ನ ಪರಿಚಯ ಇಷ್ಟೇ, ಇನ್ನು ಹಾಡು ಎಂದು ಟೀಚರ್ ವೇದಿಕೆಯಿಂದ ಇಳಿದು, ಚಪ್ಪಲಿ ಬಿಟ್ಟು, ಹೆಂಗಸರ ಸಾಲಿನ ಕೊನೆಯಲ್ಲಿ ನಿಂತರು. ಸರಸ ಅವರನ್ನು ನೋಡಿದಳು. ಉಮಾನಾಥರನ್ನು ನೋಡಿದಳು. ಚಪ್ಪರದ ಆಚೆ ಹೋಗಿ ಬಾಯಿಯ ಎಲೆ ಅಡಿಕೆ ಉಗುಳಿ ಬಂದಳು. ಸಮಿತಿಯ ಹೊಸ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಗದ್ದೆಗೆ ಇಳಿದವಳ ಹಾಗೆ ಸ್ವಲ್ಪ ಬಗ್ಗಿ ನಿಂತು ಶುರು ಮಾಡಿದಳು.

ದೂಮ ಹುಟ್ಟಿದ, ಬೆಳೆದ, ನೊಗಕ್ಕೆ ಹೆಗಲು ಕೊಟ್ಟ. ಮುಖ್ಯ ಅತಿಥಿಗಳು ತಾಳ ಹಾಕುತ್ತಿದ್ದರು. ದೂಮ ನೀರು ಬೇಡಿದ, ಅಂಬಡೆಗುತ್ತು ಕೊಡಲಿಲ್ಲ. ಹಾರೆ ಹಾಕಿ ಕಟ್ಟ ಒಡೆದ. ತಾಳ ನಿಂತಿತು. ಕಾರ್ಯದರ್ಶಿ ಓಡಿಹೋಗಿ ಮೈಕು ಆರಿಸಿದ. ಪೆದ್ದ. ಗದ್ದೆಯ ಈ ತುದಿಯಿಂದ ಆ ತುದಿಗೆ ಮುಟ್ಟಬೇಕಾದ ಹಾಡಿಗೆ ಮೈಕು ಎಂದಾದರೂ ಬೇಕಾಗಿತ್ತಾ? ಬಿಸಿಲಿನಲ್ಲಿ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಸಾಲು ಎತ್ತಿಕೊಂಡರು. ಅಂಬಡೆಗುತ್ತಿನ ಜಗಲಿಯಲ್ಲಿ ಎಲೆ ಹಾಕಿದರು ಎಂದು ಸರಸ ಹಾಡಿದರೆ ಅಷ್ಟೂ ಮಂದಿ ಅದನ್ನೇ ಹಾಡಿದರು. ಮೊದಲ ತುತ್ತಿಗೆ ಬಗ್ಗಿದಾಗ ಹಿಂದಿನಿಂದ ಕಡಿದರು ಎಂಬಲ್ಲಿ ಟೀಚರ ದನಿ ಒಡೆಯಿತು, ಆದರೂ ಹಾಡಿದರು. ಪ್ರೊಫೆಸರರು ತಮ್ಮ ಪುಸ್ತಕದ ಪುಟ ತಿರುಗಿಸುತ್ತ ಕೂತಿದ್ದರು. ಉಮಾನಾಥರು ಕಲ್ಲಿನ ಕಡೆ ನೋಡುತ್ತಿದ್ದರು.

ವಾರ ಕಳೆಯುವುದರೊಳಗೆ ಕಾರ್ಕಳದಿಂದ ಮುದ್ದಣ್ಣ ಉಳಿ ಹಿಡಿದು ಬಂದ. ಟೀಚರ್ ಅಂಗಲಾಚಿದಾಗ ಆಗದಿದ್ದ ಕೆಲಸ ಈಗ ಸಮಿತಿಯ ಸರ್ವಾನುಮತದಿಂದ ಆಯಿತು. ಅವರ ಹೆಸರು ಹೋಗಿ, ನುಣುಪಾದ ಕಲ್ಲಿನಲ್ಲಿ ಒರಟು ಪಟ್ಟಿಯೊಂದು ಉಳಿಯಿತು. ಮೇಲಿನ ಸುಳ್ಳನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಅದು ಈಗಲೂ ಹಾಗೇ ಉಂಟು. ಟೀಚರನ್ನು ಬೇರೆ ಶಾಲೆಗೆ ವರ್ಗ ಮಾಡಿಸಲು ಕೆಲವರು ಓಡಾಡಿದರು. ಉಮಾನಾಥರು ಆ ಅರ್ಜಿಗೆ ಸಹಿ ಹಾಕಲಿಲ್ಲವಂತೆ.

ಪ್ರತಿ ವರ್ಷ ಐದನೆಯ ತರಗತಿಯ ಮಕ್ಕಳನ್ನು ಟೀಚರ್ ಆ ಕಲ್ಲಿನ ಬಳಿ ಕರೆದುಕೊಂಡು ಹೋಗಿ, ಒರಟು ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಲು ಹೇಳುತ್ತಿದ್ದರು. ಇಲ್ಲಿ ನನ್ನ ಹೆಸರಿತ್ತು ಎನ್ನುತ್ತಿದ್ದರು. ಯಾಕೆ ತೆಗೆದರು ಎಂದು ಮಕ್ಕಳು ಕೇಳಿದರೆ, ನೇಜಿ ನೆಡುವಾಗ ಅಮ್ಮನನ್ನು ಕೇಳಿ ಎಂದುಬಿಡುತ್ತಿದ್ದರು. 1987ರಲ್ಲಿ ಹಾಗೆ ಬೆರಳಿಟ್ಟು ಪ್ರಶ್ನೆ ಕೇಳಿದ ಹುಡುಗಿ ಪ್ರಫುಲ್ಲಾ, ಉಮಾನಾಥರ ಮೊಮ್ಮಗಳು. ಅವಳ ಅಮ್ಮ ನೇಜಿ ನೆಟ್ಟವಳಲ್ಲ. ಟೀಚರ್ ಸ್ವಲ್ಪ ಯೋಚಿಸಿ, ನಿನ್ನ ಅಜ್ಜನನ್ನು ಕೇಳು ಎಂದರು.

ಮರುದಿನ ಹಾಜರಿ ಕರೆಯುವಾಗ ಹುಡುಗಿ ಮೇಜಿನ ಬಳಿ ಬಂದು ನಿಂತಳು.

“ಕೇಳಿದೆ ಟೀಚರ್. ಊಟ ಮಾಡುತ್ತಿದ್ದ ಅಜ್ಜ ಅರ್ಧದಲ್ಲೇ ಎದ್ದು ಹೋದರು.”

ಟೀಚರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಪಾಪ ಅನಿಸಿತೋ ಏನೋ. ಉಮಾನಾಥರಿಗೆ ಎಲೆಯ ಮುಂದಿನಿಂದ ಎದ್ದು ಹೋಗಲಾದರೂ ಆಯಿತು. ದೂಮನಿಗೆ ಅದೂ ಆಗಿರಲಿಲ್ಲ.